ಹಿಡಿಕೆಯಿಲ್ಲದ ಬಾಗಿಲು

ಸತ್ತು ಎಷ್ಟೋ ವರ್ಷವಾಗಿದ್ದ ವೀರಭದ್ರಮ್ಮ ಆ ಕೋಣೆಯೊಳಗೆ ಒಮ್ಮೆ ಕೆಮ್ಮಿದಳು. ಬೀಸುವ ಕಲ್ಲು ಗರಗರ ತಿರುಗಿತು. ಕಲ್ಲಿನ ಹಿಂದೆಲ್ಲೋ ಒಂದು ಹಾಡು ಶುರುವಾಯಿತು.

ಹಾಡು ಅಂತ ಶ್ರೀಪ್ರಿಯಾ ಊಹಿಸಿಕೊಂಡಳು, ಅಷ್ಟೇ. ಆಳೆತ್ತರದ ಎರಡು ಸ್ಪೀಕರುಗಳಿಂದ ಅವಳ ಕಿವಿಗೆ ಬಿದ್ದದ್ದು ಮಂಡಕ್ಕಿ ಭಟ್ಟಿಯ ಮುಂದೆ ಕೂತಾಗ ಕೇಳಿಸುವಂಥ ಚರಚರ. ಮುದುಕಿಯ ಬಳೆ, ದೂರದಲ್ಲಿ ಕೂಗಿದ ಎಮ್ಮೆ, ಟೇಪು ತಿರುಗುವಾಗಿನ ಕಿರುಗುಟ್ಟುವಿಕೆ, ಎಲ್ಲವೂ ಬಿಡಿಬಿಡಿಯಾಗಿ ಎದ್ದು ಕೇಳಿಸುತ್ತಿದ್ದವು. ಹಾಡೊಂದು ಮಾತ್ರ ಆ ಗದ್ದಲದಲ್ಲಿ ಕಳೆದುಹೋಗಿತ್ತು.

"ಈ ಮಿಷನ್ನಿಗೆ ನಮ್ಮಣ್ಣ ಅತ್ತಿ ಅಂತ ಹೆಸರಿಟ್ಟಿದ್ದ," ಅಂದ ಮರಿಬಸಪ್ಪ, ಕಪಾಟಿನಲ್ಲಿದ್ದ ಬೆಳ್ಳಿ ಬಣ್ಣದ ಆಂಪ್ಲಿಫೈಯರನ್ನು ತೋರಿಸುತ್ತ. "ಸೊಸಿ ಕಂಡ ಅತ್ತಿ ಹಂಗ, ಯಾರ ತಪ್ಪನ್ನೂ ಬಿಡಂಗಿಲ್ಲ. ಎತ್ತಿ ಎತ್ತಿ ತೋರಸ್ತೈತಿ."

ಆಮೇಲೆ ಅವನು ನಡುವಿನ ಗುಂಡಿಯನ್ನು ಬಲಕ್ಕೆ ತಿರುಗಿಸಿದ. ಪಕ್ಕದ ಮರದ ಪೆಟ್ಟಿಗೆಯ ಮೇಲೆ ಹಳೆಯ ರೇಡಿಯೋದಲ್ಲಿರುತ್ತಿದ್ದಂಥ ಗಾಜಿನ ವಾಲ್ವುಗಳು ಕೆಂಪಗೆ ಬೆಳಗುತ್ತಿದ್ದವು. ಹಾಡು ಈಗ ಅದರೊಳಗಿಂದ ಹಾದು ಬಂತು. ಚರಚರ ಹಿಂದಕ್ಕೆ ಸರಿಯಿತು, ಬಳೆ ಎಮ್ಮೆ ಎಲ್ಲ ಮಾಯವಾದವು, ಮುದುಕಿಯ ದನಿ ಎದುರಿಗೇ ಬಂದು ಕೂತಿತು. ಸ್ವಲ್ಪ ಒಡಕು ದನಿ, ಆದರೆ ಕೇಳಿದವರ ಕಣ್ಣು ಒದ್ದೆಯಾಗುವಂಥದ್ದು.

"ಈ ಪೆಟ್ಟಿಗಿ ಅವ್ವ," ಅಂದ ಮರಿಬಸಪ್ಪ. "ತಪ್ಪೆಲ್ಲಾ ಸೆರಗಿನ್ಯಾಗ ಮುಚ್ಚಿಕೊಂತಾಳ."

ಹಾಡು ಕೇಳುವ ಹುಚ್ಚು ಒಮ್ಮೆ ಹತ್ತಿದರೆ ಯಾವ ವೈದ್ಯನ ಕೈಲೂ ಅದು ಇಳಿಯುವುದಿಲ್ಲ. ಸಿರುಗುಪ್ಪದ ಅಕ್ಕಿ ಗಿರಣಿ ಸಾಹುಕಾರ ಚನ್ನಬಸವರಾಜನಿಗೆ ಅದು ಮೈತುಂಬ ಹತ್ತಿತ್ತು. ವಿದೇಶದಿಂದ ಸೆಟ್ ತರಿಸಿ, ಮೊದಲ ದಿನವೇ ತಾಯಿ ವೀರಭದ್ರಮ್ಮನ ಕ್ಯಾಸೆಟ್ ಹಾಕಿ, ಬರೀ ಗದ್ದಲ ಕೇಳಿ ಅತ್ತುಬಿಟ್ಟಿದ್ದನಂತೆ. ಸಾಮಾನು ಒಳ್ಳೆಯದಾದಷ್ಟೂ ಕೆಟ್ಟ ರೆಕಾರ್ಡಿಂಗಿನ ಬಣ್ಣ ಬಯಲಾಗುತ್ತದೆ ಎಂಬುದು ಅಂಗಡಿಯವರು ಹೇಳದ ಮಾತು. ಕೊನೆಗೆ ಬಳ್ಳಾರಿಯ ಅಕ್ರಮ್ ಎಂಬ ರಿಪೇರಿ ಹುಡುಗ ಈ ವಾಲ್ವ್ ಪೆಟ್ಟಿಗೆ ಕಟ್ಟಿಕೊಟ್ಟು ಅವನ ತಾಯಿಯನ್ನು ಅವನಿಗೆ ಮರಳಿಸಿದ್ದ.

ಅದೇ ಸಾಹುಕಾರ ಇದೇ ಕೋಣೆಯಲ್ಲಿ ತಲೆ ಒಡೆದು ಸತ್ತು ಬಿದ್ದಿದ್ದ. ಅದೇ ಅಕ್ರಮ್ ಅವನನ್ನು ಕೊಂದ ಆರೋಪದ ಮೇಲೆ ಬಳ್ಳಾರಿ ಜೈಲಿನಲ್ಲಿದ್ದ.

ಸೋಮವಾರ ಜಾಮೀನಿನ ವಿಚಾರಣೆ. ಅಷ್ಟರೊಳಗೆ ಪತ್ತೇದಾರಿ ಶ್ರೀಪ್ರಿಯಾ ಒಂದೇ ಒಂದು ಸಂಗತಿಯನ್ನು ಸಾಧಿಸಬೇಕಿತ್ತು: ಪೊಲೀಸರ ಕೈಲಿದ್ದ ಜಗಳದ ರೆಕಾರ್ಡಿಂಗ್ ಸಾಹುಕಾರ ಸತ್ತ ಸಂಜೆಯದ್ದಲ್ಲ ಎಂಬುದು. ಸಾಧಿಸಿದರೆ ಅಕ್ರಮ್ ಹೊರಗೆ, ಇಲ್ಲದಿದ್ದರೆ ಅವನ ಬಾಳು ಅಲ್ಲಿಗೇ ಮುಗಿಯಿತು.

ಮರಿಬಸಪ್ಪ ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿ ತೆಗೆಯಲು ಹೋದ. ಶ್ರೀಪ್ರಿಯಾ ತಡೆದಳು. ಶುರುವಿನಲ್ಲಿ, ಮುದುಕಿ ಕೆಮ್ಮುವುದಕ್ಕೂ ಮೊದಲು ಒಂದು ಸದ್ದಿತ್ತು. ಅದನ್ನು ಅತ್ತಿಯಲ್ಲಿ ಇನ್ನೊಮ್ಮೆ ಹಾಕಲು ಹೇಳಿದಳು.

ಕರ್ರ್. ಕರ್ರ್. ಕರ್.

"ಇದೇನಿದು?"

ಉತ್ತರ ಬಾಗಿಲ ಬಳಿಯಿಂದ ಬಂತು. ಅಲ್ಲಿ ಅಕ್ರಮ್‌ನ ತಂದೆ ಮಾಬುಸಾಬ್ ನಿಂತಿದ್ದ. ಬಿಳಿ ಗಡ್ಡ, ಇಸ್ತ್ರಿ ಮಾಡಿದ ಅಂಗಿ, ಕಾಲಲ್ಲಿ ಸದ್ದಾಗದ ಚಪ್ಪಲಿ. ಕೌಲ್ ಬಜಾರಿನಲ್ಲಿ ಮೈಕ್ ಸೆಟ್ಟಿನ ಅಂಗಡಿ ಇಟ್ಟು, ಮೋಕ, ಕುರುಗೋಡು, ಸಿರುಗುಪ್ಪ ಅಂತ ಸುತ್ತಲಿನ ಮದುವೆ ಮುಂಜಿಗೆಲ್ಲ ಮೈಕ್ ಕಟ್ಟಿದ ಮನುಷ್ಯ. ಶ್ರೀಪ್ರಿಯಾಳ ಪತ್ತೇದಾರಿ ಕಚೇರಿಗೆ ಬಂದು ಮಗನನ್ನು ಉಳಿಸಿಕೊಡಿ ಅಂತ ಅತ್ತವಳು ಇವನ ಹೆಂಡತಿ ನೂರಜಹಾನ್. ಇವನು ಅವತ್ತು ಹಿಂದೆ ಸುಮ್ಮನೆ ನಿಂತಿದ್ದ. ಅಂದಿನಿಂದ ಶ್ರೀಪ್ರಿಯಾ ಹೋದಲ್ಲೆಲ್ಲ ಜೊತೆಗೆ ಬರುತ್ತಿದ್ದ.

"ಅದು ನನ್ನ ಉಗುರು, ಅಮ್ಮಾ," ಅಂದ ಮಾಬುಸಾಬ್. "ಆಯಮ್ಮನ ಹಾಡು ಕುರುಗೋಡಿನ ಮನ್ಯಾಗ ನಾನ ರೆಕಾಡ್ ಮಾಡಿದ್ದು. ಎಲ್ಲಾರೂ ಮೈಕ್ ಊದಿ ನೋಡ್ತಾರ. ಊದಿದ್ರ ಎಂಜಲ ಬಿದ್ದು ಮೈಕ್ ಕೆಡತೈತಿ. ನಮ್ಮ ಉಸ್ತಾದ ನಂಗ ಉಗುರಲೆ ಕೆರದು ನೋಡಾಕ ಕಲಿಸಿದ್ದ. ಎರಡು ಉದ್ದ, ಒಂದು ಗಿಡ್ಡ."

ಹೇಳುವಾಗ ಅವನ ಮುಖದಲ್ಲಿ ಹೆಮ್ಮೆಯಿತ್ತು. ಹೇಳಿ ಮುಗಿಸಿದ ಮೇಲೆ ಅದು ಯಾಕೋ ಸಟ್ಟನೆ ಆರಿಹೋಯಿತು. ತನ್ನ ಬೆರಳನ್ನೇ ಒಮ್ಮೆ ನೋಡಿಕೊಂಡು ಕೈಯನ್ನು ಅಂಗಿಯ ಜೇಬಿಗೆ ಸೇರಿಸಿದ. ಜೈಲಿನಲ್ಲಿರುವ ಮಗ ನೆನಪಾಗಿರಬೇಕು ಅಂದುಕೊಂಡು ಶ್ರೀಪ್ರಿಯಾ ಮರುಗಿದಳು.

ಈಗ ಅಸಲು ಕೆಲಸ. ಬಾಗಿಲು ಹಾಕಬೇಕಿತ್ತು. ಹೊರಗೆ, ಮನೆಗೆ ಅಂಟಿಕೊಂಡಿದ್ದ ಗಿರಣಿಯ ಯಂತ್ರಗಳು ಗುಡುಗುತ್ತಿದ್ದವು. ಆ ಸದ್ದು ಒಳಗೆ ನುಗ್ಗಿದರೆ ಅತ್ತಿಯ ಮುಂದೆ ಕೂತು ಪ್ರಯೋಜನವಿರಲಿಲ್ಲ.

ಆದರೆ ಆ ಬಾಗಿಲನ್ನು ಮುಚ್ಚಲು ಅವಳಿಗೆ ಮನಸ್ಸಿರಲಿಲ್ಲ. ಶೀತಲಗೃಹದ ಬಾಗಿಲಿನಷ್ಟು ದಪ್ಪ. ಹೊರಗಡೆ ಕಬ್ಬಿಣದ ಅಗುಳಿ. ಒಳಗಡೆ ಹಿಡಿಕೆಯೇ ಇಲ್ಲ. ಹಾಡಿನಲ್ಲಿ ತಬಲದ ದಪ್ಪ ಸದ್ದು ಬಂದಾಗ ಹಿಡಿಕೆ ಗಿಣಿಗಿಣಿ ಅನ್ನುತ್ತದೆಂದು ಸಾಹುಕಾರ ಅದನ್ನು ಕೀಳಿಸಿ ಹಾಕಿದ್ದ. ಫ್ಯಾನು ಟಕಟಕ ಅನ್ನುತ್ತದೆಂದು ಫ್ಯಾನು ಕೀಳಿಸಿದ್ದ. ಕಿಟಕಿ ಮುಚ್ಚಿಸಿದ್ದ. ಮೊಬೈಲಿನ ಗುಂಯ್ ಸದ್ದು ಸ್ಪೀಕರಿಗೆ ಹತ್ತಬಾರದೆಂದು ಗೋಡೆಯೊಳಗೆಲ್ಲ ತಾಮ್ರದ ಜಾಲರಿ ಹಾಸಿಸಿದ್ದ. ಗಾಳಿಗಂತ ಉಳಿದದ್ದು ಒಂದು ಕೊಳವೆ. ಅದರ ಪಂಖ ಕೂಡ ಸದ್ದು ಮಾಡಬಾರದೆಂದು ಹಿತ್ತಲಿನ ಆಚೆ ತುದಿಯಲ್ಲಿತ್ತು.

ಹೀಗಾಗಿ ಆ ಮನೆಯಲ್ಲೊಂದು ರೂಢಿ. ಯಾರಾದರೂ ಒಳಗೆ ಹಾಡು ಕೇಳಲು ಕೂತರೆ ಇನ್ನೊಬ್ಬರು ಹೊರಗಿನ ಕಲ್ಲುಬೆಂಚಿನ ಮೇಲೆ ಕೂತಿರಬೇಕು. ಒಳಗಿನವರು ಗೋಡೆಯ ಕರೆಗುಂಡಿ ಒತ್ತಿದರೆ ಹೊರಗೊಂದು ದೀಪ ಹತ್ತುತ್ತದೆ, ಕೂತವರು ಬಾಗಿಲು ತೆರೆಯುತ್ತಾರೆ. ಸಾಹುಕಾರ ಒಬ್ಬನೇ ಕೂತು ಕೇಳಿದ್ದೇ ಇಲ್ಲವಂತೆ.

ತಾನು ಹೊರಗೆ ಕೂರುತ್ತೇನೆ ಅಂದ ಮಾಬುಸಾಬ್. ಶ್ರೀಪ್ರಿಯಾಳಿಗೂ ಅದೇ ಬೇಕಿತ್ತು. ಒಳಗೆ ತಾನು ಅನುಮಾನಪಡುವ ಮನುಷ್ಯ, ಹೊರಗೆ ತನ್ನ ಕಡೆಯ ಮನುಷ್ಯ. ಇದಕ್ಕಿಂತ ಒಳ್ಳೆಯ ಏರ್ಪಾಟು ಬೇರೆ ಇಲ್ಲ ಅಂತ ಧೈರ್ಯ ತಂದುಕೊಂಡಳು.

"ಅಗುಳಿ ಹಾಕಬ್ಯಾಡ್ರಿ ಚಾಚಾ. ಸುಮ್ನ ಮುಂದ ಮಾಡ್ರಿ ಸಾಕು."

ಮಾಬುಸಾಬ್ ತಲೆಯಾಡಿಸಿದ. ಬಾಗಿಲು ಮುಚ್ಚಿತು. ಗಿರಣಿಯ ಗುಡುಗು ಚಾಕುವಿನಿಂದ ಕೊಯ್ದ ಹಾಗೆ ನಿಂತುಹೋಯಿತು. ಶ್ರೀಪ್ರಿಯಾಳಿಗೆ ತನ್ನ ಉಸಿರೇ ಜೋರಾಗಿ ಕೇಳಿಸತೊಡಗಿತು.

ಮುಚ್ಚಿದ ಬಾಗಿಲನ್ನು ನೋಡುವಾಗ ಇನ್ನೊಂದು ಸಂಗತಿ ಅವಳ ಕಣ್ಣಿಗೆ ಬಿತ್ತು. ಕೋಣೆಯ ಗೋಡೆಗೆಲ್ಲ ಬಡಿದಿದ್ದ ಮೆತ್ತನೆಯ ಬಟ್ಟೆ ಮಾಸಿ ಬೂದಿ ಬಣ್ಣಕ್ಕೆ ತಿರುಗಿತ್ತು. ಬಾಗಿಲಿನ ಒಳಮೈಯ ಬಟ್ಟೆ ಮಾತ್ರ ಹೊಚ್ಚ ಹೊಸದು. ಮೊಳೆಯ ತಲೆಗಳೂ ಮಿರಮಿರ ಮಿಂಚುತ್ತಿದ್ದವು.

ಕೇಳಿದರೆ, ಹಳೆಯದನ್ನು ಇಲಿ ಕಡಿದಿತ್ತು ಅಂದ ಮರಿಬಸಪ್ಪ. ಅವನ ಕಣ್ಣು ಬಾಗಿಲ ಕಡೆ ಹೋಗದೆ ಕಪಾಟಿನ ಮೇಲೆಯೇ ನೆಟ್ಟಿತ್ತು. ಸಾಹುಕಾರನ ಒಬ್ಬನೇ ತಮ್ಮ ಇವನು. ಅಣ್ಣ ಹಾಡು ಕೇಳುತ್ತ ಕೂತರೆ ಗಿರಣಿ ನಡೆಸುತ್ತಿದ್ದವನು ಇವನೇ. ರೆಕಾರ್ಡಿಂಗನ್ನು ಪೊಲೀಸರಿಗೆ ಕೊಟ್ಟವನೂ ಇವನೇ. ಅವತ್ತು ಬಾಗಿಲು ಸ್ವಲ್ಪ ತೆರೆದಿತ್ತು, ಒಳಗೆ ಜಗಳ ಕೇಳಿಸಿತು, ಫೋನಿನಲ್ಲಿ ಹಿಡಿದೆ ಅಂತ ಹೇಳಿಕೆ ಕೊಟ್ಟಿದ್ದ. ಆ ಫೋನು ಮಾರನೆಯ ದಿನ ಕಾಲುವೆಗೆ ಬಿದ್ದು ಹೋಯಿತಂತೆ. ಉಳಿದದ್ದು ವಾಟ್ಸಾಪಿನಲ್ಲಿ ಕೈಯಿಂದ ಕೈಗೆ ದಾಟಿ ಸೊರಗಿದ ಒಂದು ಪ್ರತಿ.

ಜೈಲಿನಲ್ಲಿ ಭೇಟಿಯಾದಾಗ ಅಕ್ರಮ್ ಜಗಳವನ್ನು ಅಲ್ಲಗಳೆದಿರಲಿಲ್ಲ. ಅದು ತಮ್ಮಿಬ್ಬರದೇ ದನಿ, ಆದರೆ ಜಗಳ ನಡೆದದ್ದು ಸಿರುಗುಪ್ಪದ ಈ ಕೋಣೆಯಲ್ಲಲ್ಲ, ಎಷ್ಟೋ ಮೊದಲು ಕುರುಗೋಡಿನ ಹಳೇ ಮನೆಯಲ್ಲಿ ಅಂದಿದ್ದ. ಕಂಪ್ಯೂಟರಿನಲ್ಲಿ ತಾಯಿಯ ಕ್ಯಾಸೆಟ್ಟಿನ ಗದ್ದಲವನ್ನೆಲ್ಲ ತೆಗೆಸುತ್ತೇನೆ ಅಂತ ಸಾಹುಕಾರ ಹಟ ಹಿಡಿದಿದ್ದ. ಗದ್ದಲ ತೆಗೆದರೆ ದನಿಯೂ ಅದರ ಜೊತೆ ಹೋಗುತ್ತದೆ ಅಂತ ಅಕ್ರಮ್ ಕ್ಯಾಸೆಟ್ ಕೊಟ್ಟಿರಲಿಲ್ಲ. ಎಳೆದಾಟದಲ್ಲಿ ಹಳೇ ಟೇಪ್ ರೆಕಾರ್ಡರ್ ಕೆಳಗೆ ಬಿದ್ದು ಒಡೆಯಿತು. ಆಗ ಮನೆಯಲ್ಲಿ ತಮ್ಮಿಬ್ಬರ ಹೊರತು ಮೂರನೆಯವರಿರಲಿಲ್ಲ ಅಂತ ಅವನು ಆಣೆ ಮಾಡಿದ್ದ.

"ಅಕ್ಕಾ, ಅದನ್ನ ಫೋನಿನ್ಯಾಗ ಕೇಳಬ್ಯಾಡ್ರಿ," ಅಂದಿದ್ದ ಅವನು ಜಾಲರಿಯ ಆಚೆಯಿಂದ. "ಸಾಹುಕಾರ್ರ ಸೆಟ್ಟಿಗೆ ಹಾಕ್ರಿ. ಮೊದಲ ಆಯಮ್ಮನ ಕ್ಯಾಸೆಟ್ ಕೇಳಿ ಕಿವಿ ಹದ ಮಾಡ್ಕೊಳ್ರಿ. ಆಮ್ಯಾಲೆ ಅದನ್ನ ಹಾಕ್ರಿ. ಕೆಟ್ಟ ರೆಕಾರ್ಡಿಂಗ್ ಆ ಸೆಟ್ಟಿನ ಮುಂದ ಬಟ್ಟಿ ಬಿಚ್ಚಿಕೊಂಡು ನಿಂದರತೈತಿ."

ಶ್ರೀಪ್ರಿಯಾ ಆ ಪ್ರತಿಯಿದ್ದ ತನ್ನ ಫೋನನ್ನು ವೈರಿಗೆ ಸಿಕ್ಕಿಸಿದಳು. ಮರಿಬಸಪ್ಪ ಗುಂಡಿಯನ್ನು ಅವ್ವನ ಕಡೆಗೆ ತಿರುಗಿಸಿದ. ಬೇಕೆಂದೇ ತಿರುಗಿಸಿದನೋ, ರೂಢಿಯ ಮೇಲೆ ಕೈ ಹೋಯಿತೋ, ಅವಳಿಗೆ ತಿಳಿಯಲಿಲ್ಲ. ಅವಳೂ ತಡೆಯಲಿಲ್ಲ.

"ಕೈ ಬಿಡು ಅಕ್ರಮ್. ಬಿಡು ಅಂದೆ."

ಸತ್ತವನ ದನಿ ಎರಡು ಸ್ಪೀಕರುಗಳ ನಟ್ಟನಡುವೆ, ಅವಳಿಂದ ಕೈಯಳತೆಯ ದೂರದಲ್ಲಿ ನಿಂತಿತ್ತು.

"ನಾ ಬಿಡಂಗಿಲ್ಲ ಸಾಹುಕಾರ್ರ. ಇವತ್ತ ಬಿಟ್ರ ಮುಗೀತು."

ಕಾಲು ಎಳೆದಾಡಿದ ಸದ್ದು. ಏನೋ ಭಾರವಾದದ್ದು ನೆಲಕ್ಕೆ ಬಿತ್ತು. ಆಮೇಲೆ ಮೌನ.

ಫೋನಿನಲ್ಲಿ ಕೇಳಿದ್ದಕ್ಕಿಂತ ಇದು ಎಷ್ಟೋ ಪಾಲು ನಿಜವಾಗಿತ್ತು. ಅವ್ವ ಎಲ್ಲ ಕಸವನ್ನೂ ಒರೆಸಿ, ಬರೀ ಎರಡು ದನಿಗಳನ್ನು ತೊಳೆದು ಮುಂದಿಟ್ಟಿದ್ದಳು. ಇದನ್ನು ನ್ಯಾಯಾಧೀಶರು ಕೇಳಿದರೆ ಅಕ್ರಮ್‌ನ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಒಂದು ಗಳಿಗೆ ಅವಳಿಗೇ ಅನುಮಾನ ಬಂತು, ಹುಡುಗ ತನ್ನ ಕಣ್ಣಿಗೂ ಮಣ್ಣೆರಚಿದನೇ ಅಂತ.

"ಸಾಕಲ್ರಿ ಮೇಡಂ?" ಅಂದ ಮರಿಬಸಪ್ಪ. ಹಣೆಯ ಬೆವರು ಒರೆಸಿಕೊಂಡು ಕರೆಗುಂಡಿಯತ್ತ ಕೈ ಚಾಚಿದ.

"ಇನ್ನೊಮ್ಮೆ," ಅಂದಳು ಶ್ರೀಪ್ರಿಯಾ. ಎದ್ದು ಹೋಗಿ ತಾನೇ ಗುಂಡಿಯನ್ನು ಅತ್ತಿಯ ಕಡೆಗೆ ತಿರುಗಿಸಿದಳು.

ಈ ಸಲ ಸಾಹುಕಾರನ ದನಿ ಒಣಗಿ ಬಿರುಕು ಬಿಟ್ಟಿತ್ತು. ಅಕ್ಷರಗಳ ಅಂಚೆಲ್ಲ ಚೂರುಚೂರು. ಕೇಳಲು ಹಿಂಸೆ. ಆದರೆ ದನಿ ಸೊರಗಿದಷ್ಟೂ ಅದರ ಹಿಂದಿನದೆಲ್ಲ ಮೇಲೆದ್ದು ಬಂತು. ಅವಳು ಕಣ್ಣು ಮುಚ್ಚಿ ಮಾತುಗಳನ್ನು ಬಿಟ್ಟು ಹಿಂದಿನದನ್ನೇ ಹಿಂಬಾಲಿಸಿದಳು.

ಟಕ್. ಟಕ್. ಟಕ್. ಒಂದೇ ಸಮನೆ.

ಅದರಾಚೆ ಇನ್ನೊಂದು. ತಗಡಿನ ಮೇಲೆ ದಡಬಡ ಓಡಾಟ. ಒಂದು ಸಲ ಹತ್ತಿರದಿಂದ, ಇನ್ನೊಂದು ಸಲ ದೂರದಿಂದ, ಜೊತೆಗೊಂದು ಕಿರ್ರ್ ಎಂಬ ಕೂಗು.

ಶ್ರೀಪ್ರಿಯಾ ಮೊನ್ನೆಯಷ್ಟೇ ಕುರುಗೋಡಿನ ಹಳೇ ಮನೆಯ ಪಡಸಾಲೆಯಲ್ಲಿ ಕೂತು, ಅವಲಕ್ಕಿ ತಿನ್ನುತ್ತ, ಇದೇ ಸದ್ದನ್ನು ಬೈದುಕೊಂಡಿದ್ದಳು. ರೆಕ್ಕೆ ಡೊಂಕಾದ ಫ್ಯಾನು. ಬೆಟ್ಟದಿಂದ ಇಳಿದು ಬಂದು ತಗಡಿನ ಮೇಲೆ ಕುಣಿಯುವ ಕೋತಿಗಳು.

ಅಕ್ರಮ್ ಸುಳ್ಳು ಹೇಳಿರಲಿಲ್ಲ. ಅವಳಿಗೆ ಜೋರಾಗಿ ನಗಬೇಕೆನಿಸಿತು, ತಡೆದುಕೊಂಡಳು.

"ಮರಿಬಸಪ್ಪಣ್ಣ, ಈ ಕೋಣಿಯೊಳಗ ಫ್ಯಾನ್ ಎಲ್ಲಿ ಅದ?"

"ಇಲ್ರಿ. ನಿಮಗ ಗೊತ್ತೈತಲ್ಲ."

"ಮತ್ತ ನಿಮ್ಮ ರೆಕಾರ್ಡಿಂಗಿನ್ಯಾಗ ಟಕಟಕ ಅಂತಿರೋದು ಏನು?"

"ಹಳೇ ಫೋನ್ರಿ ಅದು. ಏನೇನೋ ಸದ್ದು ಹಿಡೀತಿತ್ತು."

"ಕೋತಿನೂ ಹಿಡೀತಿತ್ತೇನು?"

ಅತ್ತಿ ತಗಡಿನ ಸದ್ದನ್ನು ಇನ್ನೊಮ್ಮೆ ಎತ್ತಿ ತೋರಿಸಿತು. ಅಣ್ಣನ ಜೊತೆ ವರ್ಷಗಟ್ಟಲೆ ಈ ಸೆಟ್ಟಿನ ಮುಂದೆ ಕೂತವನು ಮರಿಬಸಪ್ಪ. ಅವಳಿಗೆ ಕೇಳಿಸಿದ್ದು ಅವನಿಗೆ ಕೇಳಿಸಲಿಲ್ಲ ಅನ್ನುವ ಹಾಗಿರಲಿಲ್ಲ.

ಅವಳು ಬಿಡಲಿಲ್ಲ. ಕುರುಗೋಡಿನಲ್ಲಿ ಹಿಡಿದ ಜಗಳವನ್ನು ಸಿರುಗುಪ್ಪದ ಕೊಲೆಗೆ ಅಂಟಿಸಿದ್ದು ಯಾಕೆ ಅಂತ ಕೇಳಿದಳು. ಅಣ್ಣನ ಅಂಗೈಯ ಚರ್ಮ ಸುಲಿದಿತ್ತು, ಉಗುರುಗಳು ಮುರಿದಿದ್ದವು, ಅದು ಆಸ್ಪತ್ರೆಯವರೇ ಹೇಳಿದ ಮಾತು. ಪೊಲೀಸರು ಅದನ್ನು ಹೊಡೆದಾಟದ ಗಾಯ ಅಂದಿದ್ದರು. ಹೊಡೆದಾಡಿದವನ ಅಂಗೈ ಯಾಕೆ ಸುಲಿಯಬೇಕು?

"ಆ ಬಾಗಿಲಿನ ಬಟ್ಟಿ ಇಲಿ ಕಡಿದಿರಲಿಲ್ಲ," ಅಂದಳು ಮೆಲ್ಲಗೆ. "ನಿಮ್ಮಣ್ಣ ಪರಚಿದ್ರು. ಹೌದಿಲ್ಲೋ?"

ಮರಿಬಸಪ್ಪ ನೆಲದ ಮೇಲೆ ಕುಕ್ಕರಿಸಿದ. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅಷ್ಟು ದೊಡ್ಡ ಆಳು ಹಾಗೆ ಅಳುವುದನ್ನು ನೋಡಿ ಶ್ರೀಪ್ರಿಯಾಳಿಗೆ ಕಸಿವಿಸಿಯಾಯಿತು. ಕೊಂದವನ ಅಳು ಹೀಗಿರುತ್ತದೆಯೇ ಅಂತ ಮೊದಲ ಸಲ ಅವಳ ಅನುಮಾನ ಅಲುಗಾಡಿತು.

ಅವನು ಹೇಳಿದ್ದು ಇಷ್ಟು. ಅವತ್ತು ಸಂಜೆ ಹೊರಗೆ ಬೆಂಚಿನ ಮೇಲೆ ಕೂರಬೇಕಾದವನು ಅವನು. ಗಿರಣಿಯ ಗೇಟಿನಲ್ಲಿ ಲಾರಿ ಡ್ರೈವರನ ಗಲಾಟೆಯಾಯಿತು, ಎದ್ದು ಹೋದ. ಹೋಗುವಾಗ ಬಾಗಿಲು ಮುಂದೆ ಮಾತ್ರ ಮಾಡಿತ್ತು, ಅಗುಳಿ ಹಾಕಿರಲಿಲ್ಲ. ತಿರುಗಿ ಬರುವಷ್ಟರಲ್ಲಿ ಅಗುಳಿ ಬಿದ್ದಿತ್ತು, ಕರೆಂಟಿನ ಮೇನ್ ಸ್ವಿಚ್ಚು ಯಾರೋ ಕೆಳಗೆ ಎಳೆದಿದ್ದರು. ತೆರೆದು ನೋಡಿದರೆ ಅಣ್ಣ ಬಾಗಿಲ ಬುಡದಲ್ಲೇ ಬಿದ್ದಿದ್ದ. ಕತ್ತಲೆಯಲ್ಲಿ ತಡಕಾಡಿ ಎಡವಿ, ಸ್ಪೀಕರಿನ ಕೆಳಗಿನ ಕಲ್ಲಿಗೆ ತಲೆ ಬಡಿದುಕೊಂಡಿದ್ದ. ರಕ್ತ ಸುರಿಯುತ್ತಿದ್ದರೂ ಬಾಗಿಲಿಗೆ ತೆವಳಿ ಬಂದು ಪರಚಿದ್ದ. ಕರೆದದ್ದು ಯಾರಿಗೂ ಕೇಳಿಸಿರಲಿಲ್ಲ.

"ಒಡಹುಟ್ಟಿದವನ ಕೂಡಿ ಹಾಕಿ ಕೊಂದ ಅಂತಾರ ಅಂತ ಅಂಜಿದೆ," ಅಂದ ಮರಿಬಸಪ್ಪ. "ಬಟ್ಟಿ ಬದಲಿ ಮಾಡಿಸಿದೆ. ಮರುದಿನ ಆ ರೆಕಾರ್ಡಿಂಗ್ ಬಂತು. ನೀನ ಹಿಡದದ್ದು ಅಂತ ಹೇಳು, ನಿನ್ನ ಮ್ಯಾಲ ಬರಂಗಿಲ್ಲ ಅಂತ ಹೇಳಿದ. ನಾ ಹೇಳಿದೆ. ನಂದು ತಪ್ಪಾತು."

"ಯಾರು ಹೇಳಿದ್ದು?"

ಅವನು ತಲೆಯೆತ್ತಿ ಬಾಗಿಲ ಕಡೆ ನೋಡಿದ. ಆ ನೋಟದಲ್ಲಿ ಇದ್ದದ್ದು ಬರೀ ಭಯ.

ಶ್ರೀಪ್ರಿಯಾ ಯೋಚಿಸಿದಳು. ಕುರುಗೋಡಿನಲ್ಲಿ ಅವತ್ತು ಸಾಹುಕಾರ ಮತ್ತು ಅಕ್ರಮ್, ಇಬ್ಬರೇ ಇದ್ದರು. ಹಾಗಿದ್ದರೆ ರೆಕಾರ್ಡ್ ಮಾಡಿದ ಮೂರನೆಯವನು ಗೋಡೆಯ ಮರೆಯಲ್ಲಿದ್ದ. ಅವನು ಫೋನು ತೆಗೆದು, ಶುರು ಮಾಡಿ, ಕಿಟಕಿಯ ಬಳಿ ಹಿಡಿದಿರಬೇಕು. ಅವನ ಗುರುತು ಎಲ್ಲಾದರೂ ಉಳಿದಿದ್ದರೆ ಅದು ಮೊದಲ ಮಾತಿಗೂ ಮುಂಚೆ ಇರಬೇಕು. ಅಲ್ಲಿ ಒಂದು ಗರಗರ ಇತ್ತು. ಫೋನು ಅಂಗಿಗೆ ಉಜ್ಜಿದ ಸದ್ದು ಅಂತ ಪೊಲೀಸರೂ ಬಿಟ್ಟಿದ್ದರು, ಅವಳೂ ಬಿಟ್ಟಿದ್ದಳು.

ರೆಕಾರ್ಡಿಂಗನ್ನು ಮೊದಲಿಗೆ ತಂದಳು. ಅತ್ತಿಯ ದನಿಯನ್ನು ಪೂರ್ತಿ ಏರಿಸಿದಳು. ಕೋತಿಗಳು ತಲೆಯ ಮೇಲೇ ಕುಣಿದವು. ಫ್ಯಾನು ಸುತ್ತಿಗೆಯಾಯಿತು. ಅವುಗಳ ನಡುವೆ, ಕಿವಿಗೆ ಅಂಟಿಕೊಂಡಷ್ಟು ಹತ್ತಿರದಲ್ಲಿ, ಕೇಳಿಸಿತು.

ಕರ್ರ್. ಕರ್ರ್. ಕರ್.

ಎರಡು ಉದ್ದ, ಒಂದು ಗಿಡ್ಡ.

ಇನ್ನೊಮ್ಮೆ ಹಾಕಿದಳು. ತಪ್ಪಿರಲಿಲ್ಲ. ಬಾಳಿಡೀ ಮೈಕ್ ಹಿಡಿದ ಕೈ ಕಳ್ಳತನದಲ್ಲಿ ಫೋನು ಹಿಡಿದಾಗಲೂ ತನ್ನ ರೂಢಿ ಮರೆತಿರಲಿಲ್ಲ. ಕೆರೆದು ನೋಡದೆ ರೆಕಾರ್ಡ್ ಮಾಡಲು ಅದಕ್ಕೆ ಬರುತ್ತಲೇ ಇರಲಿಲ್ಲ. ಮಗನ ಕುತ್ತಿಗೆಗೆ ಉರುಳಾದ ರೆಕಾರ್ಡಿಂಗಿನ ನೆತ್ತಿಯ ಮೇಲೆ ತಂದೆಯ ಉಗುರು ಸಹಿ ಹಾಕಿತ್ತು.

ಕುರುಗೋಡಿನ ಆ ಮನೆಗೆ ಕಾಲಿಟ್ಟು ಎಷ್ಟೋ ವರ್ಷವಾಯಿತು ಅಂತ ಮೊನ್ನೆ ತಾನೇ ಅವಳ ಮುಂದೆ ಹೇಳಿದ್ದ ಮಾಬುಸಾಬ್. ಜಗಳದ ದಿನ ಮೋಕದಲ್ಲಿ ಮದುವೆಯ ಮೈಕ್ ಕಟ್ಟುತ್ತಿದ್ದೆ ಅಂದಿದ್ದ. ಅವಳು ಎರಡನ್ನೂ ಹಾಗೇ ನಂಬಿದ್ದಳು. ಅಳುವ ತಾಯಿಯ ಹಿಂದೆ ನಿಂತ ತಂದೆಯನ್ನು ಯಾರು ತಾನೇ ಅನುಮಾನಿಸುತ್ತಾರೆ?

ಜೇಬಿಗೆ ಸೇರಿದ ಆ ಕೈ ಈಗ ನೆನಪಾಯಿತು. ತನ್ನ ಹಳೇ ಉಗುರಿನ ಸದ್ದನ್ನು ಅತ್ತಿಯಲ್ಲಿ ಕೇಳಿದ ಕೂಡಲೇ ಅವನಿಗೆ ಗೊತ್ತಾಗಿತ್ತು. ಮುಂದಿನ ರೆಕಾರ್ಡಿಂಗಿನಲ್ಲಿ ಅವಳಿಗೆ ಏನು ಸಿಗಲಿದೆ ಎಂಬುದು ಅವಳಿಗಿಂತ ಮೊದಲು ಅವನಿಗೆ ಗೊತ್ತಾಗಿತ್ತು. ಅದಾದ ಮೇಲೆಯೇ ಅಲ್ಲವೇ, ತಾನು ಹೊರಗೆ ಕೂರುತ್ತೇನೆ ಅಂದದ್ದು?

ಶ್ರೀಪ್ರಿಯಾ ಒಂದೇ ನೆಗೆತಕ್ಕೆ ಬಾಗಿಲು ಸೇರಿ ಎರಡೂ ಕೈಯಿಂದ ತಳ್ಳಿದಳು. ಬಾಗಿಲು ಅಲುಗಲಿಲ್ಲ. ಭುಜ ಕೊಟ್ಟು ತಳ್ಳಿದಳು. ಅಗುಳಿ ಬಿದ್ದಿತ್ತು. ಯಾವಾಗ ಬಿತ್ತೋ ತಿಳಿಯುವ ಹಾಗೇ ಇರಲಿಲ್ಲ, ಈ ಕೋಣೆಗೆ ಹೊರಗಿನ ಯಾವ ಸದ್ದೂ ಬರುವುದಿಲ್ಲವಲ್ಲ. ಕರೆಗುಂಡಿ ಒತ್ತಿದಳು, ಮತ್ತೆ ಮತ್ತೆ ಒತ್ತಿದಳು. ಹೊರಗೆ ದೀಪ ಹತ್ತಿರಲೇಬೇಕು. ಯಾರೂ ತೆರೆಯಲಿಲ್ಲ.

"ಚಾಚಾ," ಅಂತ ಕೂಗಿದಳು. ಹೊಸ ಬಟ್ಟೆ ಅವಳ ಕೂಗನ್ನು ನುಂಗಿಕೊಂಡಿತು. ಫೋನನ್ನು ವೈರಿನಿಂದ ಕಿತ್ತು ನೋಡಿದಳು. ಸಿಗ್ನಲ್ಲಿನ ಜಾಗ ಖಾಲಿ. ಸಾಹುಕಾರನ ತಾಮ್ರದ ಜಾಲರಿ ತನ್ನ ಕೆಲಸ ಚೆನ್ನಾಗಿಯೇ ಮಾಡುತ್ತಿತ್ತು.

ಆಗ ದೀಪ ಆರಿತು. ಅತ್ತಿಯ ನೀಲಿ ಬೆಳಕು ಕಣ್ಣು ಮುಚ್ಚಿತು. ವಾಲ್ವುಗಳ ಕೆಂಪು ಮಾತ್ರ ಸ್ವಲ್ಪ ಹೊತ್ತು ಉಳಿದು, ಬೂದಿ ಹಿಡಿದ ಕೆಂಡದಂತೆ ಮೆಲ್ಲಗೆ ಮಂಕಾಗುತ್ತ ಬಂತು. ಕೊಳವೆಯಿಂದ ಬರುತ್ತಿದ್ದ ಗಾಳಿ ನಿಂತದ್ದು ಅವಳ ಕೆನ್ನೆಗೆ ತಿಳಿಯಿತು. ಹೊರಗೆ ಉರಿಬಿಸಿಲಿನ ನಡುಮಧ್ಯಾಹ್ನ, ಒಳಗೆ ಕಣ್ಣಿಗೆ ಬೆರಳಿಟ್ಟರೂ ಕಾಣದ ಕತ್ತಲು. ಕೈಯಲ್ಲಿದ್ದ ಫೋನಿನ ಬೆಳಕು ಹಾಕಬೇಕೆಂಬುದೂ ಅವಳಿಗೆ ಹೊಳೆಯಲಿಲ್ಲ. ಇದೇ ಜಾಗದಲ್ಲಿ, ಹೀಗೇ ನಿಂತು, ಒಬ್ಬ ಮನುಷ್ಯ ಉಗುರು ಮುರಿಯುವ ತನಕ ಈ ಬಾಗಿಲನ್ನು ಪರಚಿದ್ದ.

ಹಿಂದಿನಿಂದ ಮರಿಬಸಪ್ಪನ ದನಿ ಬಂತು. ಅಳು ನಿಂತಿತ್ತು. ಈಗ ಅದರಲ್ಲಿ ಮುಚ್ಚಿಡಲು ಏನೂ ಉಳಿದಿರಲಿಲ್ಲ.

"ನಾ ಅವನ್ನ ಕೇಳಿದೆ ಮೇಡಂ. ಸ್ವಂತ ಮಗನ ಮ್ಯಾಲ ಯಾಕ ಹಾಕತೀಯೋ ಮಾಬಣ್ಣ ಅಂತ ಕೇಳಿದೆ."

"ಏನಂದ?"

"ಜೈಲಿನ್ಯಾಗ ಇದ್ರ ನನ್ನ ಮಗ ಜೀವಂತ ಇರ್ತಾನ ಅಂದ. ಹೊರಗ ಬಂದ ದಿನ ಅಂವನ ಹೆಣ ಬೀಳತೈತಿ, ಅಂವನ್ನ ಯಾರೂ ಹೊರಗ ತರಬಾರ್ದು ಅಂದ. ಯಾರು ಕೊಲ್ಲತಾರ ಅಂದ್ರ ಹೆಸರು ಮಾತ್ರ ಹೇಳಲಿಲ್ಲ."

ಸೋಮವಾರ ಅವನನ್ನು ಹೊರಗೆ ತರಲಿಕ್ಕೆಂದೇ ಬಂದವಳು ಶ್ರೀಪ್ರಿಯಾ. ಅದಕ್ಕೆ ಬೇಕಾದ ಸಾಕ್ಷಿ ಅವಳ ಕೈಯಲ್ಲಿತ್ತು. ಅದನ್ನು ಹಿಡಿದುಕೊಂಡು ಅವಳು ಹಿಡಿಕೆಯಿಲ್ಲದ ಬಾಗಿಲಿನ ತಪ್ಪು ಕಡೆ ನಿಂತಿದ್ದಳು.

ಅವಳು ಬಾಗಿಲಿಗೆ ಕಿವಿಯಿಟ್ಟಳು. ಮೊದಲು ಏನೂ ಇರಲಿಲ್ಲ. ಆಮೇಲೆ ಆಚೆಯ ಹಲಗೆಯನ್ನು ಯಾರೋ ಮುಟ್ಟಿದರು. ಒಳಗಿನವರಿಗೆ ಇನ್ನೂ ಕೇಳಿಸುತ್ತಿದೆಯೇ ಅಂತ ನೋಡುವ ಹಾಗೆ, ಅವಸರವಿಲ್ಲದೆ, ಮರ ಸದ್ದು ಮಾಡಿತು.

ಕರ್ರ್. ಕರ್ರ್.

ಮೂರನೆಯದಕ್ಕಾಗಿ ಅವಳು ಉಸಿರು ಬಿಗಿಹಿಡಿದು ಕಾದಳು. ಅದು ಬರಲಿಲ್ಲ. ಬದಲಿಗೆ ಆಚೆ ಮನುಷ್ಯನ ಮೈಯಷ್ಟು ಭಾರವಾದದ್ದು ಬಾಗಿಲಿಗೆ ಒರಗಿ, ಹಲಗೆಯುದ್ದಕ್ಕೂ ಜಾರುತ್ತ ಜಾರುತ್ತ ನೆಲಕ್ಕೆ ಬಿತ್ತು.